ಸ್ಲೇಟು ಖಾಲಿ ಇದೆ, ಹಾಗಾದ್ರೆ ಮಗು ಕಲಿತಿದ್ದೇನು?

ಕಳೆದ ವಾರ ತುಮಕೂರು ಕಡೆ ನಮ್ಮ ಚಿಕ್ಕಮ್ಮನ ಮನೆಗೆ ಹೋಗಿದ್ದೆ. ಚಿಕ್ಕಮ್ಮ ಅಂಗನವಾಡಿ ಕಾರ್ಯಕರ್ತೆ. ಸಂಜೆ ಒಬ್ಬರು ತಾಯಿ ಬಂದ್ರು. "ಟೀಚರ್, ಬರೀ ಕಥೆ ಓದ್ತೀರಂತೆ, ಸ್ಲೇಟಲ್ಲಿ ಒಂದಕ್ಷರ ಇಲ್ಲ. ಜೂನ್‌ಗೆ ಕಾನ್ವೆಂಟಿಗೆ ಹಾಕ್ತೀವಿ." ಇಪ್ಪತ್ತು ಮಕ್ಕಳಿರೋ ಕೇಂದ್ರದಲ್ಲಿ ನಾಲ್ಕು ಮಕ್ಕಳು ಹೋದ್ರೂ ಗೊತ್ತಾಗುತ್ತೆ. ನಾನು ಬಿ.ಕಾಂ. ಓದಿದವನು, ಲೆಕ್ಕ ಟ್ಯಾಲಿ ಆಗದಿದ್ರೆ ನಿದ್ದೆ ಬರಲ್ಲ. ಹಾಗಾಗಿ ಆ ತಾಯಿಯ ಪ್ರಶ್ನೆ ಹಿಡ್ಕೊಂಡು ಕೂತೆ.

ಅಮ್ಮನ ತೊಡೆ ಮೇಲೆ ಕೂತ ಮಗುವಿಗೆ ಪುಸ್ತಕ ಕಾಣಿಸುತ್ತೆ. ತರಗತಿಯಲ್ಲಿ ಹಿಂದೆ ಕೂತವರಿಗೆ ಕಾಣಿಸಲ್ಲ. ಇದಕ್ಕೆ ನ್ಯೂಜಿಲೆಂಡ್‌ನಲ್ಲಿ ಡಾನ್ ಹೋಲ್ಡವೇ ಮತ್ತು ಜೊತೆಗಾರರು ದೊಡ್ಡ ಗಾತ್ರದ ಪುಸ್ತಕ ಬಳಸಿದ್ರು. 1979ರಲ್ಲಿ ಅವರು ಇದರ ಬಗ್ಗೆ ಪುಸ್ತಕವನ್ನೇ ಬರೆದ್ರು. ಟೀಚರ್ ಪದದ ಕೆಳಗೆ ಬೆರಳಿಟ್ಟು ಓದ್ತಾರೆ. ಓದು ಎಡದಿಂದ ಬಲಕ್ಕೆ ಹೋಗುತ್ತೆ, ಮಾತು ಆ ಗೆರೆಗಳಲ್ಲೇ ಕೂತಿದೆ ಅನ್ನೋದು ಮಗುವಿಗೆ ಹೀಗೆ ಹೊಳೆಯುತ್ತೆ.

ಸುಮ್ಮನೆ ಓದಿ ಮುಗಿಸಿದ್ರೆ ಸಾಲದು. 1988ರಲ್ಲಿ ಅಮೆರಿಕದ ಗ್ರೋವರ್ ವೈಟ್‌ಹರ್ಸ್ಟ್ ತಂಡ ಎರಡು ಗುಂಪು ಪೋಷಕರನ್ನು ಒಂದು ತಿಂಗಳು ಗಮನಿಸಿತು. ಇಬ್ಬರೂ ಮಕ್ಕಳಿಗೆ ಓದಿದ್ರು. ನಡುವೆ ನಿಲ್ಲಿಸಿ "ಇದೇನು ಮಾಡ್ತಿದೆ?" ಅಂತ ಕೇಳಿ, ಮಗು ಹೇಳಿದ್ದನ್ನು ಸ್ವಲ್ಪ ಬೆಳೆಸಿ ಹೇಳಿದ ಗುಂಪಿನ ಮಕ್ಕಳು ಮಾತಿನಲ್ಲಿ ಮುಂದಿದ್ರು.

ಕನ್ನಡದಲ್ಲಿ ಇನ್ನೊಂದು ತೊಡಕಿದೆ, ನನಗೆ ಬಹಳ ಮುಖ್ಯ ಅನ್ನಿಸಿದ್ದು ಇದೇ. ಮನೇಲಿ ಮಗು "ಮಳೆ ಬತ್ತೈತೆ" ಅನ್ನುತ್ತೆ. ಪುಸ್ತಕದಲ್ಲಿ "ಮಳೆ ಬರುತ್ತಿದೆ" ಅಂತಿರುತ್ತೆ. ಕಿವಿಗೇ ಬೀಳದ ಮಾತನ್ನು ಒಂದನೇ ಕ್ಲಾಸಲ್ಲಿ ಅಕ್ಷರ ಕೂಡಿಸಿ ಓದು ಅಂದ್ರೆ ಹೇಗೆ? ಒಂದೇ ಕಥೆಯನ್ನು ನಾಲ್ಕೈದು ದಿನ ಕೇಳಿದ ಮಗುವಿಗೆ ಬರಹದ ಕನ್ನಡ ಮೊದಲೇ ಪರಿಚಯ ಆಗಿರುತ್ತೆ. (ಮಗುವಿನ ಮಾತು ತಪ್ಪು ಅಂತ ತಿದ್ದೋ ಟೀಚರ್‌ಗಳನ್ನು ಕಂಡ್ರೆ ನನಗೆ ಸಿಟ್ಟು ಬರುತ್ತೆ. ಎರಡೂ ಕನ್ನಡವೇ.)

ಇನ್ನು ಸ್ಲೇಟಿನ ವಿಷಯ. ಕಾಗುಣಿತ, ಒತ್ತಕ್ಷರ ಸೇರಿದ್ರೆ ಕಲಿಯಬೇಕಾದ ರೂಪಗಳು ನೂರಾರು. ಕನ್ನಡ ಮಕ್ಕಳ ಓದಿನ ಬಗ್ಗೆ ಸೋನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಈ ಕಲಿಕೆ ನಾಲ್ಕನೇ ತರಗತಿವರೆಗೂ ನಡೆಯುತ್ತೆ. ಹಾಗಿದ್ದಾಗ ನಾಲ್ಕು ವರ್ಷದ ಮಗುವಿಗೆ ಏನವಸರ? ಕ-ಮ-ಲ ಅಂತ ಚಪ್ಪಾಳೆ ತಟ್ಟಿ ಪದ ಬಿಡಿಸೋದು ಬಂದ್ರೆ ಸದ್ಯಕ್ಕೆ ಸಾಕು.

ಚಿಕ್ಕಮ್ಮನ ಹತ್ರ ದೊಡ್ಡ ಪುಸ್ತಕ ಇಲ್ಲ. ಹಳೇ ಕ್ಯಾಲೆಂಡರ್ ಹಾಳೆಗಳ ಹಿಂಬದಿಯಲ್ಲಿ ಕಥೆ ಬರೆದು, ಚಿತ್ರ ಅಂಟಿಸಿ, ದಾರ ಹಾಕಿ ಹೊಲಿದಿದ್ದಾರೆ. ಆ ತಾಯಿಗೆ ವಾದ ಮಾಡಲಿಲ್ಲ. "ನಾಳೆ ಹತ್ತೂವರೆಗೆ ಬಾರಮ್ಮ, ಕೂತ್ಕೊಂಡು ನೋಡು" ಅಂದ್ರು. ಬಂದ್ರು. ಅವರ ಮಗಳು ಎದ್ದು ಬಂದು, ಬೆರಳಿಟ್ಟು, ಇಡೀ ಪುಟ "ಓದಿದ್ಳು". ಅರ್ಧ ಬಾಯಿಪಾಠ, ಬೆರಳು ಒಂದು ಪದ ಹಿಂದೆ. ಕಾನ್ವೆಂಟ್ ವಿಚಾರ ಇನ್ನೂ ತೀರ್ಮಾನ ಆಗಿಲ್ಲ. ಆದ್ರೆ ಆ ತಾಯಿ ಮಾರನೇ ದಿನ ಎರಡು ಕ್ಯಾಲೆಂಡರ್ ಕಳಿಸಿದ್ರಂತೆ.