ಕಿತ್ತಳೆ ರಸದಿಂದ ಹೊಳೆಯುವ ಇಂಗಾಲ: ಲಾಭದ ಲೆಕ್ಕ ಎಲ್ಲಿಂದ ಆರಂಭವಾಗಬೇಕು?

ಕಳೆದ ವರ್ಷ, ಹಣ್ಣಿನ ರಸ ತಯಾರಿಸುವ ಸಣ್ಣ ಘಟಕವೊಂದರ ಮಾಲೀಕರು ನನ್ನ ಕಚೇರಿಗೆ ಒಂದು ಯೋಜನಾ ವರದಿಯನ್ನು ತಂದರು. ಹಣ್ಣಿನ ಸಿಪ್ಪೆಯಿಂದ 'ಕಾರ್ಬನ್ ಡಾಟ್' ಎಂಬ ಹೊಳೆಯುವ ಇಂಗಾಲದ ಕಣಗಳನ್ನು ತಯಾರಿಸಿ ಆಸ್ಪತ್ರೆಗಳಿಗೂ ಪ್ರಯೋಗಾಲಯಗಳಿಗೂ ಮಾರುವುದು ಅದರ ಸಾರಾಂಶ. ಕಚ್ಚಾ ಮಾಲಿನ ವೆಚ್ಚದ ಮುಂದೆ ಸೊನ್ನೆ ಇತ್ತು. ಸೊನ್ನೆ ಕಂಡೊಡನೆ ಲೆಕ್ಕಪರಿಶೋಧಕನ ಕೈ ಪೆನ್ಸಿಲಿನ ಕಡೆಗೆ ಹೋಗುತ್ತದೆ. ಸಾಲಕ್ಕಾಗಿ ಮನೆಯನ್ನೇ ಅಡಮಾನವಿಡಲು ಅವರು ಸಿದ್ಧರಿದ್ದುದರಿಂದ, ವಿಷಯವನ್ನು ಓದಿಯೇ ಉತ್ತರಿಸುತ್ತೇನೆಂದು ಹೇಳಿದೆ.

ಈ ಕಣಗಳು ಆಕಸ್ಮಿಕವಾಗಿ ದೊರೆತವು. 2004ರಲ್ಲಿ ಅಮೆರಿಕದ ಸೌತ್ ಕೆರೊಲಿನಾ ವಿಶ್ವವಿದ್ಯಾಲಯದಲ್ಲಿ ಇಂಗಾಲದ ನ್ಯಾನೊ ನಳಿಕೆಗಳನ್ನು ಶುದ್ಧಗೊಳಿಸುತ್ತಿದ್ದಾಗ ಹೊಳೆಯುವ ಚೂರುಗಳು ಬೇರ್ಪಟ್ಟವು. ಗಾತ್ರ ಸಾಮಾನ್ಯವಾಗಿ 10 ನ್ಯಾನೊಮೀಟರಿಗಿಂತ ಕಡಿಮೆ. ನೇರಳಾತೀತ ಕಿರಣ ಬಿದ್ದರೆ ನೀಲಿ ಅಥವಾ ಹಸಿರು ಬೆಳಕನ್ನು ಸೂಸುತ್ತವೆ. 2012ರಲ್ಲಿ ರೂರ್ಕೆಲಾದ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆಯವರು ಕಿತ್ತಳೆ ರಸವನ್ನು ಮುಚ್ಚಿದ ಪಾತ್ರೆಯಲ್ಲಿ 120 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ ಇಂಥ ಕಣಗಳನ್ನು ಪಡೆದು, ಜೀವಕೋಶಗಳ ಚಿತ್ರಣಕ್ಕೆ ಬಳಸಿ ತೋರಿಸಿದರು. ಹೀರಿದ ಬೆಳಕಿನಲ್ಲಿ ಶೇಕಡ 26ರಷ್ಟನ್ನು ಅವು ಮರಳಿ ಸೂಸಿದವು. 2015ರಲ್ಲಿ ರೂರ್ಕಿ ಐಐಟಿಯ ಸಂಶೋಧಕರು ಕೊತ್ತಂಬರಿ ಸೊಪ್ಪಿನಿಂದಲೂ ಅದನ್ನೇ ಸಾಧಿಸಿದರು. (ಈ ಹೊಳಪನ್ನು ಅಳೆಯುವಾಗ ಹೋಲಿಕೆಗೆ ಬಹುಮಟ್ಟಿಗೆ ಬಳಸುವುದು ಕ್ವಿನೈನ್ ಸಲ್ಫೇಟನ್ನು. ಮಲೇರಿಯಾದ ಹಳೆಯ ಮದ್ದು ಇಲ್ಲಿ ತಕ್ಕಡಿಯ ತೂಕದ ಕಲ್ಲು!)

ಬೇಡಿಕೆಗೆ ಕಾರಣವೂ ಉಂಟು. 2023ರ ರಸಾಯನಶಾಸ್ತ್ರದ ನೊಬೆಲ್ ಪಡೆದ ಕ್ವಾಂಟಮ್ ಡಾಟ್‌ಗಳಲ್ಲಿ ಅನೇಕವು ವಿಷಕಾರಿಯಾದ ಕ್ಯಾಡ್ಮಿಯಂ ಉಳ್ಳವು. ಇಂಗಾಲದಲ್ಲಿ ಆ ತೊಡಕಿಲ್ಲ. ಜೊತೆಗೆ, ನೀರಿನಲ್ಲಿ ಕಬ್ಬಿಣ ಅಥವಾ ಪಾದರಸದ ಅಯಾನುಗಳಿದ್ದರೆ ಇಂಥ ಕೆಲವು ಕಣಗಳ ಹೊಳಪು ಕುಂದುತ್ತದೆ. ಆ ಕುಂದನ್ನು ಅಳೆದು ಪ್ರಮಾಣವನ್ನು ತಿಳಿಯಬಹುದು. ಆದರೆ ಕುಡಿಯುವ ನೀರಿನಲ್ಲಿ ಪಾದರಸಕ್ಕೆ ಭಾರತೀಯ ಮಾನಕದ ಮಿತಿ ಲೀಟರಿಗೆ 0.001 ಮಿಲಿಗ್ರಾಂ. ಹಲವು ಲವಣಗಳು ಬೆರೆತ ನೀರಿನಲ್ಲಿ ಹೊಳಪನ್ನು ಕುಂದಿಸಿದ್ದು ಪಾದರಸವೋ ಕಬ್ಬಿಣವೋ ಎಂದು ನಿಖರವಾಗಿ ಹೇಳಬಲ್ಲ ಸರಕು ಮಾತ್ರ ಮಾರಾಟವಾಗುತ್ತದೆ.

ಇನ್ನು ಸೊನ್ನೆಯ ವಿಚಾರ. ಕಾಯಿಸುವುದು ಕೆಲವು ಗಂಟೆಗಳ ಕೆಲಸ. ಅನಂತರ ಸೋಸುವಿಕೆ, ಸೆಂಟ್ರಿಫ್ಯೂಜ್, ಒಂದೆರಡು ದಿನಗಳ ಡಯಾಲಿಸಿಸ್, ಶೈತ್ಯ ಒಣಗಿಸುವಿಕೆ – ಖರ್ಚು ಇರುವುದು ಇಲ್ಲಿ. ಶುದ್ಧೀಕರಣ ಸಾಲದಾದರೆ, ಕಣಗಳ ಜೊತೆ ಉಳಿದ ಸಣ್ಣ ಅಣುಗಳೂ ಹೊಳೆಯುತ್ತವೆ. ಬೆಳಕು ಯಾವುದರದೆಂದು ತಿಳಿಯದು. ಅದಕ್ಕಿಂತ ದೊಡ್ಡ ತೊಡಕು ಏಕರೂಪತೆಯದು. ಮಾಗಿಯ ಹಣ್ಣಿನ ಸಿಪ್ಪೆಯೂ ಬೇಸಿಗೆಯ ಹಣ್ಣಿನ ಸಿಪ್ಪೆಯೂ ಒಂದೇ ಅಲ್ಲ. ಇದೇ ಕಣಗಳನ್ನು ಸಿಟ್ರಿಕ್ ಆಮ್ಲದಿಂದಲೂ ತಯಾರಿಸುತ್ತಾರೆ. ಅದು ಅಗ್ಗವಾಗಿ, ಶುದ್ಧತೆಯ ಪ್ರಮಾಣಪತ್ರದೊಂದಿಗೆ, ಎಲ್ಲ ತಿಂಗಳಲ್ಲೂ ಒಂದೇ ಗುಣದಲ್ಲಿ ದೊರೆಯುತ್ತದೆ. ಪುಕ್ಕಟೆ ಸಿಪ್ಪೆಯ ನಿಜವಾದ ಸ್ಪರ್ಧಿ ಅದೇ. ವರದಿಯಲ್ಲಿ ಅದರ ಹೆಸರೇ ಇರಲಿಲ್ಲ.

ಸದಸ್ಯರ ಗಮನಕ್ಕೆ ನನ್ನ ವೃತ್ತಿಯ ಎರಡು ಮಾತು. ಲೆಕ್ಕಪತ್ರ ಮಾನಕ 26ರ ಪ್ರಕಾರ ಸಂಶೋಧನಾ ಹಂತದ ವೆಚ್ಚವನ್ನು ಆಸ್ತಿಯೆಂದು ತೋರಿಸುವಂತಿಲ್ಲ. ಅದು ಆಯಾ ವರ್ಷದ ಖರ್ಚು. ವರದಿಯಲ್ಲಿ ಅದನ್ನು ಅಢಾವೆ ಪತ್ರಿಕೆಯ ಆಸ್ತಿಯ ಕಡೆಗೆ ತಳ್ಳಿ ಮೊದಲ ವರ್ಷವೇ ಲಾಭ ತೋರಿಸಿದ್ದರು. ಇನ್ನು ಪರವಾನಗಿ: ರೋಗಪರೀಕ್ಷೆಯ ಕಿಟ್ ಆದರೆ 2017ರ ವೈದ್ಯಕೀಯ ಸಾಧನಗಳ ನಿಯಮಗಳು ಅನ್ವಯಿಸುತ್ತವೆ, ಶರೀರದೊಳಗೆ ಸೇರಿಸುವ ಔಷಧಿಯಾದರೆ ಮನುಷ್ಯರ ಮೇಲಿನ ಪರೀಕ್ಷೆಗಳ ದೀರ್ಘ ದಾರಿ. ಸಣ್ಣ ಉದ್ದಿಮೆಗೆ ಎಟುಕುವುದು, ಎಟುಕಿದರೆ, ನೀರಿನ ಪರೀಕ್ಷೆ ಮಾತ್ರ ಎಂಬುದು ನನ್ನ ಅಭಿಪ್ರಾಯ.

ಮೂರು ಬೇರೆ ತಿಂಗಳುಗಳ ಸಿಪ್ಪೆಯಿಂದ ಮಾದರಿಗಳನ್ನು ಕಾಲೇಜೊಂದರ ಪ್ರಯೋಗಾಲಯದಲ್ಲಿ ಮಾಡಿಸಿ, ಮೂರೂ ಒಂದೇ ಅಳತೆ ಕೊಟ್ಟರೆ ಬ್ಯಾಂಕಿಗೆ ಹೋಗೋಣ ಎಂದು ಅವರಿಗೆ ತಿಳಿಸಿದೆ. ಎರಡು ಮಾದರಿಗಳ ಫಲಿತಾಂಶ ಬಂದಿದೆ; ಹೊಳಪಿನಲ್ಲಿ ಗಣನೀಯ ವ್ಯತ್ಯಾಸವಿದೆ. ಮನೆಯ ಪತ್ರಗಳು ಸದ್ಯ ಅವರ ಕಪಾಟಿನಲ್ಲಿಯೇ ಇವೆ. ಮೂರನೆಯ ಮಾದರಿಗೆ ಸಿಪ್ಪೆ ಒಣಗುತ್ತಿದೆ.