ಪೇಸ್ಟಿಗೆ ನೂರಿಪ್ಪತ್ತು, ಕೈಗಳಿಗೆ ಐದೂವರೆ ಸಾವಿರ

ಮೂರು ವರ್ಷ ದಾಟಿದ ಮಗುವಿಗೆ ದಂತವೈದ್ಯರು ಹೇಳುವ ಪೇಸ್ಟಿನ ಅಳತೆ ಬಟಾಣಿ ಕಾಳಿನಷ್ಟು. ತೂಕಕ್ಕೆ ಹಾಕಿದರೆ ಸುಮಾರು 0.25 ಗ್ರಾಂ. ದಿನಕ್ಕೆರಡು ಸಲದಂತೆ ವರ್ಷಕ್ಕೆ 182 ಗ್ರಾಂ ಚಿಲ್ಲರೆ. 100 ಗ್ರಾಂನ ಎರಡು ಟ್ಯೂಬು ಧಾರಾಳವಾಯಿತು. ಟ್ಯೂಬಿಗೆ 60 ರೂಪಾಯಿ ಎಂದಿಟ್ಟುಕೊಂಡರೆ 120. ಮೂರು ತಿಂಗಳಿಗೊಂದು ಬ್ರಷ್, 25 ರೂಪಾಯಿಯಂತೆ ನಾಲ್ಕಕ್ಕೆ 100. ವರ್ಷವಿಡೀ ಒಂದು ಮಗುವಿನ ಹಲ್ಲು ಶುಚಿಯಾಗಿರಲು ಅಂಗಡಿಯವನಿಗೆ ಕೊಡಬೇಕಾದ್ದು 220 ರೂಪಾಯಿ.

ಇನ್ನು ಅಂಗಡಿಯ ಚೀಟಿಯಲ್ಲಿ ಬಾರದ ಲೆಕ್ಕ. ಸೆರೆಬ್ರಲ್ ಪಾಲ್ಸಿ ಇರುವ ಎಂಟು ವರ್ಷದ ಮಗುವಿನ ಹಲ್ಲುಜ್ಜುವುದನ್ನು ಹತ್ತಿರದಿಂದ ನೋಡಬೇಕು. ತಾಯಿ ಗೋಡೆಗೆ ಒರಗಿ ಚಾಪೆಯ ಮೇಲೆ ಕಾಲು ಚಾಚಿ ಕೂರುತ್ತಾಳೆ, ಮಗುವಿನ ತಲೆ ಅವಳ ತೊಡೆಯ ಮೇಲೆ. ಎಡಗೈಯ ಬೆರಳಿನಿಂದ ತುಟಿ ಸರಿಸಬೇಕು, ಬಲಗೈಯಲ್ಲಿ ಬ್ರಷ್. ಬ್ರಷ್ ತಾಗಿದ ಕೂಡಲೇ ಮಗುವಿಗೆ ಬೇಡವೆಂದರೂ ದವಡೆ ಕಚ್ಚಿಕೊಳ್ಳುತ್ತದೆ. ಅದು ಹಟವಲ್ಲ, ಸ್ನಾಯುವಿನ ಬಿಗಿತ. ನಾಲ್ಕೈದು ಐಸ್‌ಕ್ರೀಮ್ ಕಡ್ಡಿಗಳನ್ನು ಜೋಡಿಸಿ, ಮೆತ್ತನೆ ಬಟ್ಟೆ ಸುತ್ತಿ, ದವಡೆ ಹಲ್ಲುಗಳ ನಡುವೆ ಇಟ್ಟು ಬಾಯಿ ತೆರೆದಿರುವಂತೆ ಮಾಡಬೇಕು. ಜೊಲ್ಲು ಒರೆಸಬೇಕು, ನಡುವೆ ಕೆಮ್ಮು ಬಂದರೆ ಎಬ್ಬಿಸಿ ಕೂರಿಸಬೇಕು. ಹತ್ತು ನಿಮಿಷಕ್ಕೆ ಕಡಿಮೆ ಇಲ್ಲದ ಕೆಲಸ. ದಿನಕ್ಕೆರಡು ಸಲ ಎಂದರೆ 20 ನಿಮಿಷ, ವರ್ಷಕ್ಕೆ 121 ಗಂಟೆ 40 ನಿಮಿಷ. ಎಂಟು ಗಂಟೆಯ ದುಡಿಮೆಯ ದಿನಕ್ಕೆ ಹೊಂದಿಸಿದರೆ 15 ಆಳು-ದಿನ. ಕರ್ನಾಟಕಕ್ಕೆ 2025-26ರಲ್ಲಿ ನಿಗದಿಯಾದ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ. ಆ ದರದಲ್ಲಿ ಈ ಕೈಗೆಲಸದ ಬೆಲೆ 5,550.

ಬಾಯಿಯ ಆರೋಗ್ಯದ ಬಗ್ಗೆ ನಮ್ಮಲ್ಲಿ ನಡೆಯುವ ಭಾಷಣ, ಹಂಚುವ ಕರಪತ್ರ, ಶಿಬಿರದಲ್ಲಿ ಕೊಡುವ ಪುಕ್ಕಟೆ ಟ್ಯೂಬು ಎಲ್ಲವೂ ಆ 220ಕ್ಕೆ ಸಂಬಂಧಿಸಿದ್ದು. 5,550ರ ಮಾತನ್ನು ಯಾರೂ ಎತ್ತುವುದಿಲ್ಲ. ವಿಶೇಷಚೇತನ ಮಕ್ಕಳ ಹಲ್ಲು ಹಾಳಾಗುವುದು ಬಹುಪಾಲು ಅಲ್ಲೇ, ಕೈ ಸಾಲದೆ.

ಇಂಥ ಮಕ್ಕಳು ಎಷ್ಟು? 2011ರ ಜನಗಣತಿಯ ಪ್ರಕಾರ ದೇಶದಲ್ಲಿ 2.68 ಕೋಟಿ ಅಂಗವಿಕಲರು, ಕರ್ನಾಟಕದಲ್ಲಿ 13.24 ಲಕ್ಷ. ದೇಶದಲ್ಲಿ ಆರು ವರ್ಷದೊಳಗಿನವರು 20.42 ಲಕ್ಷ, 5ರಿಂದ 19ರ ವಯಸ್ಸಿನವರು 65.73 ಲಕ್ಷ. ಗಣತಿಯ ನಮೂನೆಯಲ್ಲಿ ಇದ್ದದ್ದು ಎಂಟು ಬಗೆಯ ವೈಕಲ್ಯ ಮಾತ್ರ. ಆಟಿಸಂಗೆ ಪ್ರತ್ಯೇಕ ಕಾಲಂ ಇರಲಿಲ್ಲ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಪಟ್ಟಿಯನ್ನು 21ಕ್ಕೆ ಏರಿಸಿತು. ಹಾಗಾಗಿ ಮೇಲಿನ ಅಂಕಿ ಹಳೆಯದೂ ಹೌದು, ಕಡಿಮೆಯದೂ ಹೌದು.

ಹುಳುಕಿನ ಲೆಕ್ಕಕ್ಕೆ ಭಾರತೀಯ ದಂತವೈದ್ಯ ಪರಿಷತ್ತು 2002-03ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆ ಇದೆ: ಐದು ವರ್ಷದ ಮಕ್ಕಳಲ್ಲಿ ಶೇ 51.9, ಹನ್ನೆರಡರಲ್ಲಿ ಶೇ 53.8, ಹದಿನೈದರಲ್ಲಿ ಶೇ 63.1 ಮಕ್ಕಳಿಗೆ ಹುಳುಕು. ಇದು ಎಲ್ಲ ಮಕ್ಕಳ ಸರಾಸರಿ. ವಿಶೇಷಚೇತನ ಮಕ್ಕಳಲ್ಲಿ ಇದಕ್ಕಿಂತ ಒಂದು ಹಲ್ಲೂ ಹೆಚ್ಚು ಕೆಟ್ಟಿಲ್ಲ ಎಂದೇ ವಾದಕ್ಕೆ ಒಪ್ಪಿ, ಅರ್ಧವೆಂದು ಹಿಡಿದರೂ 5ರಿಂದ 19ರ ಗುಂಪಿನಲ್ಲೇ 32 ಲಕ್ಷಕ್ಕೂ ಮಿಕ್ಕಿ ಬಾಯಿಗಳಾಯಿತು.

ಹಲ್ಲು ಕೆಡುವ ಕ್ರಮವನ್ನು ನಿಮಿಷಗಳಲ್ಲಿ ಅಳೆಯಬಹುದು. ಸಿಹಿ ಬಾಯಿಗೆ ಬಿದ್ದ ಮೇಲೆ ಅಲ್ಲಿನ ಬ್ಯಾಕ್ಟೀರಿಯಾ ಅದನ್ನು ಆಮ್ಲವಾಗಿಸುತ್ತವೆ, ಪಿಎಚ್ 5.5ಕ್ಕಿಂತ ಕೆಳಗಿಳಿದರೆ ಎನಾಮೆಲ್ ಕರಗತೊಡಗುತ್ತದೆ. ಜೊಲ್ಲು ಅದನ್ನು ತಹಬಂದಿಗೆ ತರಲು ಸುಮಾರು ಅರ್ಧ ಗಂಟೆ ಬೇಕು. ಮೂರು ಊಟ, ಎರಡು ಸಲ ಹಾಲಿನಲ್ಲಿ ಅದ್ದಿದ ಬಿಸ್ಕತ್ತು, ಮೂರು ಹೊತ್ತು ಸಕ್ಕರೆ ಪಾಕದ ಸಿರಪ್ ಎಂದರೆ ದಿನಕ್ಕೆ ಎಂಟು ದಾಳಿ, ನಾಲ್ಕು ಗಂಟೆ. ನುಂಗಲು ಕಷ್ಟಪಡುವ ಮಗು ಬೆಲ್ಲ ಹಾಕಿದ ರಾಗಿ ಸರಿಯನ್ನು ಕೆನ್ನೆಯಲ್ಲೇ ಇಟ್ಟುಕೊಂಡರೆ ಅರ್ಧ ಗಂಟೆಯ ಲೆಕ್ಕವೂ ತಪ್ಪಿತು. ಮಲಗುವ ಮುನ್ನ ಕೊಡುವ ಫಿಟ್ಸ್ ಸಿರಪ್ ಇನ್ನೂ ಕೆಟ್ಟದ್ದು, ಏಕೆಂದರೆ ನಿದ್ದೆಯಲ್ಲಿ ಜೊಲ್ಲು ಬತ್ತುತ್ತದೆ. ಸಿರಪ್ಪಿನ ನಂತರ ಎರಡು ಚಮಚ ನೀರು ಕುಡಿಸಿ, ಒದ್ದೆ ಬಟ್ಟೆಯಿಂದ ಹಲ್ಲು ಒರೆಸುವುದಕ್ಕೆ ಕಾಸು ಬೇಡ. ಇದೇ ಔಷಧಿ ಸಕ್ಕರೆ ಇಲ್ಲದೆ ಸಿಗುತ್ತದೆಯೇ ಎಂದು ಮಕ್ಕಳ ವೈದ್ಯರನ್ನು ಕೇಳುವುದಕ್ಕೂ ಬೇಡ. ಆಟಿಸಂ ಇರುವ ಮಕ್ಕಳಿಗೆ ಥೆರಪಿಯಲ್ಲಿ ಒಂದೊಂದು ಮಾತು ಕೇಳಿದ್ದಕ್ಕೂ ಒಂದೊಂದು ಜೆಮ್ಸ್ ಕೊಡುವ ಪದ್ಧತಿ ಈಗಲೂ ಇದೆ. ಮಾತು ಕಲಿಸುವ ಭರದಲ್ಲಿ ಹಲ್ಲು ತೆಗೆಸುವ ಈ ಪದ್ಧತಿ ನನಗಂತೂ ಒಪ್ಪಿಗೆಯಿಲ್ಲ. ಗುಳ್ಳೆ ಊದುವುದು, ಬುಗುರಿ ಆಡಿಸುವುದು ಅಷ್ಟೇ ಕೆಲಸ ಮಾಡುತ್ತವೆ.

ಎಲ್ಲ ಮಕ್ಕಳ ಬಾಯಿಯೂ ಒಂದೇ ರೀತಿ ಕೆಡುವುದಿಲ್ಲ. ಡೌನ್ ಸಿಂಡ್ರೋಮ್ ಇರುವವರಲ್ಲಿ ಹಲ್ಲು ತಡವಾಗಿ ಮೂಡುತ್ತವೆ, ಕೆಲವು ಮೂಡುವುದೇ ಇಲ್ಲ. ಹುಳುಕಿಗಿಂತ ವಸಡಿನ ಕಾಯಿಲೆಯೇ ಅವರಿಗೆ ದೊಡ್ಡ ಶತ್ರು. ಅವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಕ್ಕಳಿಗೆ ಹುಟ್ಟಿನಿಂದ ಹೃದಯದ ದೋಷವಿರುತ್ತದೆ. ಕೆಲವು ಬಗೆಯ ದೋಷಗಳಿದ್ದಾಗ ಹಲ್ಲು ಕೀಳುವ ಅರ್ಧದಿಂದ ಒಂದು ಗಂಟೆ ಮೊದಲು ಕಿಲೋಗೆ 50 ಮಿಲಿಗ್ರಾಂನಂತೆ ಅಮಾಕ್ಸಿಸಿಲಿನ್ ಕೊಡುವ ಕ್ರಮವಿದೆ, 15 ಕಿಲೋದ ಮಗುವಿಗೆ 750 ಮಿಲಿಗ್ರಾಂ. ಯಾರಿಗೆ ಬೇಕು, ಯಾರಿಗೆ ಬೇಡ ಎಂಬುದನ್ನು ಹೃದ್ರೋಗ ವೈದ್ಯರೇ ಹೇಳಬೇಕು. ಆದರೆ ಹೃದಯದ ಫೈಲನ್ನು ದಂತವೈದ್ಯರ ಬಳಿಗೆ ಒಯ್ಯುವುದು ಮನೆಯವರ ಕೆಲಸ. ಫಿಟ್ಸ್‌ಗೆಂದು ಫೆನಿಟೋಯಿನ್ ಸೇವಿಸುವವರಲ್ಲಿ ಸುಮಾರು ಅರ್ಧ ಜನರಿಗೆ ವಸಡು ಊದಿ ಹಲ್ಲಿನ ಮೇಲೆ ಬೆಳೆಯುತ್ತದೆ. ಹಾಗೆಂದು ಮಾತ್ರೆ ನಿಲ್ಲಿಸುವಂತಿಲ್ಲ. ಉಜ್ಜುವುದನ್ನು ಹೆಚ್ಚಿಸಬೇಕು, ಬದಲಿ ಔಷಧಿಯ ಬಗ್ಗೆ ವೈದ್ಯರನ್ನು ಕೇಳಬೇಕು. ಟ್ಯೂಬಿನ ಮೂಲಕ ಆಹಾರ ಪಡೆಯುವ ಮಗುವಿಗೆ ಬಾಯಿಯಿಂದ ಏನೂ ಹೋಗುವುದಿಲ್ಲ, ಹಲ್ಲುಜ್ಜುವುದೇಕೆ ಎಂದು ಎಷ್ಟೋ ಮನೆಗಳಲ್ಲಿ ಬಿಟ್ಟುಬಿಟ್ಟಿರುತ್ತಾರೆ. ಅಂಥ ಬಾಯಲ್ಲೇ ಗಾರೆ ಬೇಗ ಕಟ್ಟುತ್ತದೆ, ಅಲ್ಲಿನ ರೋಗಾಣು ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ.

ಉಗುಳಲು ಬಾರದ ಮಗುವಿಗೆ ಬಟಾಣಿ ಅಳತೆಯೂ ಹೆಚ್ಚು. ಅಕ್ಕಿಕಾಳಿನಷ್ಟು, ಅಂದರೆ 0.1 ಗ್ರಾಂ ಸಾಕು. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡ, ಚಿತ್ರದುರ್ಗದ ಕಡೆ ಕೊಳವೆಬಾವಿ ನೀರಿನಲ್ಲೇ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂನ ಗರಿಷ್ಠ ಮಿತಿ ದಾಟುವ ಊರುಗಳಿವೆ. ಅಲ್ಲಿಯವರು ಅಳತೆಯನ್ನು ದಂತವೈದ್ಯರ ಹತ್ತಿರ ಕೇಳಿಕೊಳ್ಳುವುದು ವಾಸಿ.

ಹಲ್ಲಿನಿಂದ ಬದುಕು ಎಷ್ಟು ಕೆಟ್ಟಿದೆ ಎಂದು ಅಳೆಯುವ ಮಾಪಕಗಳೂ ಇವೆ. ಐದು ವರ್ಷದೊಳಗಿನ ಮಕ್ಕಳಿಗೆಂದು 2007ರಲ್ಲಿ ಬಂದ ‘ಇಕೋಹಿಸ್’ ಎಂಬ ಪ್ರಶ್ನಾವಳಿಯಲ್ಲಿ 13 ಪ್ರಶ್ನೆ. ಒಂಬತ್ತು ಮಗುವಿಗೆ ಸಂಬಂಧಿಸಿದ್ದು: ನೋವು, ಬಿಸಿ-ತಣ್ಣನೆ ಕುಡಿಯಲು ಕಷ್ಟ, ತಿನ್ನಲು ಕಷ್ಟ, ನಿದ್ದೆಗೆಡುವುದು, ಸಿಡುಕು, ನಗಲು ಹಿಂಜರಿಕೆ ಇತ್ಯಾದಿ. ನಾಲ್ಕು ಮನೆಯವರದ್ದು: ಬೇಸರ, ತಪ್ಪು ನಮ್ಮದೆಂಬ ಕೊರಗು, ಕೆಲಸಕ್ಕೆ ರಜೆ, ಹಣದ ಹೊರೆ. ಪ್ರತಿಯೊಂದಕ್ಕೂ 0ಯಿಂದ 4, ಒಟ್ಟು 52. ಅಂಕ ಏರಿದಷ್ಟೂ ಬದುಕು ಕಷ್ಟ. ಉತ್ತರಿಸುವವರು ತಂದೆತಾಯಿ.

‘ಗೊತ್ತಿಲ್ಲ’ ಎಂದು ಗುರುತು ಹಾಕಲೂ ಅವಕಾಶವಿದೆ, ಅದಕ್ಕೆ ಅಂಕವಿಲ್ಲ. ಮಗುವಿನ ಭಾಗದಲ್ಲಿ ಅಂಥ ಉತ್ತರ ಎರಡು ದಾಟಿದರೆ ಆ ಇಡೀ ಪ್ರಶ್ನಾವಳಿಯೇ ಲೆಕ್ಕದಿಂದ ಹೊರಗೆ. ಮಾತು ಬಾರದ ಮಗುವಿನ ತಾಯಿಗೆ, ‘ಹಲ್ಲುನೋವು ಎಷ್ಟು ಸಲ ಬಂತು?’ ಎಂದು ಕೇಳಿದರೆ ಅವಳು ಪ್ರಾಮಾಣಿಕವಾಗಿ ಕೊಡಬಹುದಾದ ಉತ್ತರ ಅದೊಂದೇ. ನೋವನ್ನು ಹೇಳಲಾರದ ಮಕ್ಕಳು ಹೀಗೆ ನೋವಿನ ಅಂಕಿಯಿಂದಲೂ ಜಾರಿಹೋಗುತ್ತಾರೆ. ಅಂಥ ಮಗು ಹೇಳುವ ರೀತಿ ಬೇರೆ: ಕೆನ್ನೆಗೆ ಹೊಡೆದುಕೊಳ್ಳುತ್ತದೆ, ಕೈ ಕಚ್ಚಿಕೊಳ್ಳುತ್ತದೆ, ಒಂದೇ ಬದಿಯಲ್ಲಿ ಅಗಿಯುತ್ತದೆ, ನಿನ್ನೆ ತಿಂದ ಚಪಾತಿಯನ್ನು ಇವತ್ತು ತಳ್ಳುತ್ತದೆ, ರಾತ್ರಿ ಎರಡಕ್ಕೆ ಎದ್ದು ಕಿರುಚುತ್ತದೆ. ಇದನ್ನು ‘ಬಿಹೇವಿಯರ್’ ಎಂದು ಬರೆದುಕೊಂಡು ಮಾತ್ರೆಯ ಪ್ರಮಾಣ ಏರಿಸುವ ಮೊದಲು ಯಾರಾದರೂ ಒಂದು ಟಾರ್ಚ್ ಹಿಡಿದು ಬಾಯಿ ನೋಡಬೇಕು.

ಕೆಟ್ಟ ಮೇಲಿನ ಖರ್ಚಿಗೆ ಬರೋಣ. ಎಂಟು ಹುಳುಕು ಹಲ್ಲುಗಳ ಮಗು ಸುಮ್ಮನೆ ಕೂರುವಂಥದ್ದಾದರೆ ನಾಲ್ಕೈದು ಸಿಟ್ಟಿಂಗ್‌ನಲ್ಲಿ ಸಿಮೆಂಟು, ರೂಟ್ ಕೆನಾಲ್, ಕ್ಯಾಪು ಮುಗಿಯುತ್ತದೆ. ಕೂರಲಾಗದ ಮಗುವಿಗೆ ಪೂರ್ಣ ಅರಿವಳಿಕೆ ಕೊಟ್ಟು ಒಂದೇ ಸಲಕ್ಕೆ ಎಲ್ಲವನ್ನೂ ಮಾಡಬೇಕಾಗುತ್ತದೆ. ಬೆಂಗಳೂರಿನ ಖಾಸಗಿ ಆಸ್ಪತ್ರೆಗಳಲ್ಲಿ ಇದಕ್ಕೆ ಅರ್ಧ ಲಕ್ಷದ ಬಿಲ್ಲು ಸಾಮಾನ್ಯ, ಲಕ್ಷ ದಾಟುವುದೂ ಉಂಟು. ತಪಾಸಣೆ, ರಕ್ತಪರೀಕ್ಷೆ, ನರರೋಗ ವೈದ್ಯರ ಪತ್ರ, ಅರಿವಳಿಕೆ ತಜ್ಞರ ಭೇಟಿ, ದಾಖಲಾತಿ, ಮರುಭೇಟಿ ಸೇರಿ ಆರು ದಿನದ ಕೂಲಿ, 2,220, ಬೇರೆ. ಶಕ್ತಿ ಯೋಜನೆಯಿಂದ ತಾಯಿಗೆ ಬಸ್ ಚಾರ್ಜು ಉಳಿಯುತ್ತದೆ. ಆದರೆ ಗಾಲಿಕುರ್ಚಿಯ ಮಗುವನ್ನು ಎತ್ತಿಕೊಂಡು ಸಾದಾ ಬಸ್ಸು ಹತ್ತಿದವರಿಗೆ ಗೊತ್ತು, ಕೊನೆಗೆ ಆಟೊವೇ ಗತಿ.

50,000ವನ್ನು 220ರಿಂದ ಭಾಗಿಸಿದರೆ 227 ವರ್ಷದ ಪೇಸ್ಟು-ಬ್ರಷ್ಷು. ವೇದಿಕೆಯ ಮೇಲೆ ಹೇಳಲು ಚೆಂದದ ಅಂಕಿ, ಆದರೆ ಸುಳ್ಳು ಲೆಕ್ಕ. ತಾಯಿಯ ಕೈಯ ಬೆಲೆ ಸೇರಿಸಿ 5,770ರಿಂದ ಭಾಗಿಸಿದರೆ ಸುಮಾರು ಎಂಟೂವರೆ ವರ್ಷ ಮಾತ್ರ. ಮುಂಜಾಗ್ರತೆ ಅಗ್ಗ ಎಂದು ತಾಯಂದಿರಿಗೆ ಉಪದೇಶಿಸುವವರು ಈ ಎರಡನೇ ಭಾಗಲಬ್ಧವನ್ನು ನೆನಪಿಟ್ಟುಕೊಳ್ಳಬೇಕು.

ನಡುವಿನ ದಾರಿಯೊಂದಿದೆ. ಶೇ 38ರ ಸಿಲ್ವರ್ ಡೈಅಮೈನ್ ಫ್ಲೋರೈಡ್ ದ್ರಾವಣವನ್ನು ಹುಳುಕಿಗೆ ಹಚ್ಚಿದರೆ, ಹತ್ತರಲ್ಲಿ ಸುಮಾರು ಎಂಟು ಹುಳುಕುಗಳು ಮುಂದುವರಿಯದೆ ನಿಲ್ಲುತ್ತವೆ. ಸೂಜಿ ಬೇಡ, ಡ್ರಿಲ್ಲಿನ ಸದ್ದಿಲ್ಲ, ಒಂದು ಹನಿ ಐದು ಹಲ್ಲಿಗೆ ಸಾಕು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಇದನ್ನು ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು. ಹಚ್ಚಿದ ಹುಳುಕು ಕಪ್ಪಾಗಿ ಉಳಿಯುವುದೇ ಇದರ ದೋಷ. ಮುಂದಿನ ಹಲ್ಲಾದರೆ ಮನೆಯವರು ಯೋಚಿಸುವುದು ಸಹಜ. ದವಡೆ ಹಲ್ಲಿಗೆ ಯೋಚಿಸುವಂಥದ್ದೇನೂ ಇಲ್ಲ. ಹುಳುಕು ಬೇರಿಗೆ ಇಳಿಯುವ ಮೊದಲೇ ಹಚ್ಚಿಸಬೇಕು, ಅಷ್ಟೆ.

ಹಣದ ಆಸರೆ ಎಂದರೆ ರಾಷ್ಟ್ರೀಯ ನ್ಯಾಸದ ‘ನಿರಾಮಯ’ ವಿಮೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಸಾಮರ್ಥ್ಯ, ಬಹುವೈಕಲ್ಯ ಇರುವವರಿಗೆ ವರ್ಷಕ್ಕೆ ಒಂದು ಲಕ್ಷದವರೆಗೆ. ಅದರೊಳಗೆ ಹಲ್ಲಿನ ಪಾಲು ಕೆಲವೇ ಸಾವಿರ. ಮೊದಲು ಕೈಯಿಂದ ಕಟ್ಟಿ ಆಮೇಲೆ ಬಿಲ್ಲು ಕಳಿಸಬೇಕು. ಆದರೂ ಮಾಡಿಸಿಡಿ, ಹಲ್ಲಿಗೆ ಫ್ಲೋರೈಡ್ ವಾರ್ನಿಷ್ ಹಚ್ಚಿಸುವುದಕ್ಕೆ, ಗಾರೆ ತೆಗೆಸುವುದಕ್ಕೆ ಆ ಸಾವಿರಗಳು ಸಾಕು. 2016ರ ಕಾಯ್ದೆಯ 25ನೇ ಸೆಕ್ಷನ್ ಅಡೆತಡೆಯಿಲ್ಲದ ಆಸ್ಪತ್ರೆ, ಸರದಿಯಲ್ಲಿ ಆದ್ಯತೆ ಎರಡನ್ನೂ ಹೇಳುತ್ತದೆ. ನಮ್ಮ ಪೇಟೆಗಳ ದಂತ ಕ್ಲಿನಿಕ್ಕುಗಳು ಇರುವುದು ಮೆಡಿಕಲ್ ಸ್ಟೋರಿನ ಮೇಲಿನ ಮಹಡಿಯಲ್ಲಿ, ಕಿರಿದಾದ ಮೆಟ್ಟಿಲು ಹತ್ತಿ. 40ಕ್ಕೂ ಹೆಚ್ಚು ದಂತ ಕಾಲೇಜುಗಳಿರುವ ರಾಜ್ಯ ಇದು! ಸಣ್ಣ ಊರಿನವರಿಗೆ ಹತ್ತಿರದ ಕಾಲೇಜಿನ ಮಕ್ಕಳ ದಂತ ವಿಭಾಗವೇ ಒಳ್ಳೆಯ ಆಯ್ಕೆ: ಶುಲ್ಕ ಕಡಿಮೆ, ಕುರ್ಚಿಗೆ ಒಗ್ಗಿಸಲು ಮೂರ್ನಾಲ್ಕು ಭೇಟಿ ಕೊಡುವಷ್ಟು ಪುರಸೊತ್ತು ಅಲ್ಲಿ ಸಿಗುತ್ತದೆ.

ಇಷ್ಟೆಲ್ಲ ಕೂಡಿ ಕಳೆದ ಮೇಲೆ ನನಗೆ ಕಾಣುವ ಪರಿಹಾರ ಆಸ್ಪತ್ರೆಯಲ್ಲಿಲ್ಲ, ಶಾಲೆಯಲ್ಲಿದೆ. 30 ಮಕ್ಕಳ ಒಂದು ವಿಶೇಷ ಶಾಲೆಯಲ್ಲಿ ಮಧ್ಯಾಹ್ನ ಊಟವಾದ ಮೇಲೆ ಹಲ್ಲುಜ್ಜಿಸಿದರೆ, ವರ್ಷಕ್ಕೆ 220 ಶಾಲಾ ದಿನಕ್ಕೆ ಬೇಕಾದ ಪೇಸ್ಟು 1,650 ಗ್ರಾಂ. 17 ಟ್ಯೂಬು, 1,020 ರೂಪಾಯಿ. ಬ್ರಷ್ 120, ಅದಕ್ಕೆ 3,000. ಒಟ್ಟು 4,020, ಮಗುವಿಗೆ 134. ಮಗುವಿಗೆ ಸರಾಸರಿ ನಾಲ್ಕು ನಿಮಿಷದಂತೆ ದಿನಕ್ಕೆ ಎರಡು ಗಂಟೆ ಒಬ್ಬ ಆಯಾಳ ಕೆಲಸ. ಅದೇ 370ರ ದರದಲ್ಲಿ ವರ್ಷಕ್ಕೆ 20,350. ಎರಡೂ ಸೇರಿ ಮಗುವಿಗೆ 812 ರೂಪಾಯಿ. ಹಿಡಿತ ಸಾಲದ ಮಕ್ಕಳಿಗೆ ಬ್ರಷ್ಷಿನ ಹಿಡಿಗೆ ಸೈಕಲ್ ಹ್ಯಾಂಡಲ್ಲಿನ ರಬ್ಬರ್ ತೊಡಿಸಿದರೆ ಕೆಲವರು ತಾವೇ ಉಜ್ಜಲು ಕಲಿಯುತ್ತಾರೆ, ಆಯಾಳ ನಿಮಿಷವೂ ಉಳಿಯುತ್ತದೆ. ಸ್ಕಾಟ್ಲೆಂಡಿನಲ್ಲಿ ನರ್ಸರಿ ಮಕ್ಕಳಿಗೆ ಶಾಲೆಯಲ್ಲೇ ಹಲ್ಲುಜ್ಜಿಸುವ ಕಾರ್ಯಕ್ರಮದ ಎಂಟನೇ ವರ್ಷದ ಹೊತ್ತಿಗೆ ಚಿಕಿತ್ಸೆಯಲ್ಲಿ ಉಳಿದ ಹಣ ಕಾರ್ಯಕ್ರಮದ ಖರ್ಚಿನ ಎರಡೂವರೆ ಪಟ್ಟಾಗಿತ್ತು. 2013ರಿಂದ ಕ್ಷೀರಭಾಗ್ಯದಲ್ಲಿ ಲಕ್ಷಾಂತರ ಮಕ್ಕಳಿಗೆ ಬಿಸಿ ಹಾಲು ಕಾಯಿಸಿ ಕೊಡುತ್ತಿರುವ ನಮ್ಮ ಶಾಲೆಗಳಿಗೆ ಇದು ಆಗದ ಕೆಲಸವೇನಲ್ಲ.

ನಿಮ್ಮ ಮಗು ವಿಶೇಷ ಶಾಲೆಗೋ ಥೆರಪಿ ಕೇಂದ್ರಕ್ಕೋ ಹೋಗುತ್ತಿದ್ದರೆ ಮುಂದಿನ ಪೋಷಕರ ಸಭೆಯಲ್ಲಿ ಮೂರು ಪ್ರಶ್ನೆ ಕೇಳಿ: ಊಟದ ನಂತರ ಹಲ್ಲುಜ್ಜಿಸುವವರು ಯಾರು, ಬಹುಮಾನವಾಗಿ ಕೊಡುತ್ತಿರುವುದು ಏನು, ದಂತವೈದ್ಯರು ಕೊನೆಯ ಸಲ ಬಂದದ್ದು ಯಾವ ತಿಂಗಳು. ಉತ್ತರವನ್ನು ಸಭೆಯ ನಡಾವಳಿಯಲ್ಲಿ ಬರೆಸಿ. 812 ರೂಪಾಯಿಗೆ ದಾನಿಗಳು ಸಿಗುತ್ತಾರೆ. ಮೊದಲು ಯಾರಾದರೂ ಕೇಳಬೇಕು.