ಮುಳ್ಳು ಏರಿದ್ದು ತಾಳ್ಯದ ಹತ್ತಿರ

ಡಿಸೆಂಬರಿನ ಚಳಿಯಲ್ಲಿ ಕಾರು ಕಾದೀತು ಎಂದು ಯಾರೂ ಎಣಿಸುವುದಿಲ್ಲ. ಹೊಳಲ್ಕೆರೆ ತಾಲ್ಲೂಕಿನ ತಾಳ್ಯ ಇನ್ನೇನು ಬಂತು ಎನ್ನುವಾಗ ಹೀಟ್ ಮೀಟರಿನ ಮುಳ್ಳು ಅರ್ಧ ದಾಟಿ ಕೆಂಪು ಗೆರೆಯ ಕಡೆ ಹೊರಟಿತು. ಎ.ಸಿ. ಆರಿಸಿ, ಇಂಜಿನ್ನಿನ ಕಾವನ್ನು ಒಂದಿಷ್ಟು ಒಳಕ್ಕೆ ಎಳೆಯಲೆಂದು ಹೀಟರ್ ಹಾಕಿ, ಬೆವರುತ್ತಲೇ ಊರು ಸೇರಿದೆ. ಟೀ ಅಂಗಡಿಯ ಪಕ್ಕ ತಗಡಿನ ಶೆಡ್ಡು. ಬಾನೆಟ್ ಎತ್ತಿ ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕಿದ್ದೇ ತಡ, ಒಳಗಿನಿಂದ ಮೆಕ್ಯಾನಿಕ್ ಗದರಿದ: "ಸಾರ್, ಕುಕ್ಕರ್ ಕೂಗೋವಾಗ ಮುಚ್ಚಳ ತೆಗೀತೀರಾ?"

ಅದು ಬರೀ ಮಾತಿನ ಹೋಲಿಕೆಯಲ್ಲ. ಈ ಎತ್ತರದಲ್ಲಿ ತೆರೆದ ಪಾತ್ರೆಯ ನೀರು 98 ಡಿಗ್ರಿಯ ಆಸುಪಾಸಿಗೇ ಕುದಿಯುತ್ತದೆ. ರೇಡಿಯೇಟರ್ ಮುಚ್ಚಳದ ಸ್ಪ್ರಿಂಗು ಸುಮಾರು ಒಂದು ಬಾರ್ ಒತ್ತಡ ಹಿಡಿದಿಡುತ್ತದೆ, ಹೆಚ್ಚುಕಡಿಮೆ ಅಡುಗೆಮನೆಯ ಕುಕ್ಕರಿನ ತೂಕದಷ್ಟು. ಹಾಗಾಗಿ ಒಳಗಿನ ನೀರು 120ರ ಹತ್ತಿರ ಹೋದರೂ ಕುದಿಯದೆ ಕೂತಿರುತ್ತದೆ. ಮುಚ್ಚಳ ಸಡಿಲಿಸಿದರೆ ಮುಖಕ್ಕೇ ಎರಚುತ್ತದೆ.

ಆರುವವರೆಗೆ ಆತ ಸ್ಪಾನರ್ ಮುಟ್ಟಲಿಲ್ಲ. ಕೇಳಿದ್ದು ಒಂದೇ: "ನಿಂತಾಗ ಏರುತ್ತೋ, ಓಡುವಾಗ ಏರುತ್ತೋ?"

ಈ ಪ್ರಶ್ನೆಗೆ ನಾನು ಮರುಳಾದೆ. ನಿಂತಾಗ ಏರಿ, ಓಡಿದಾಗ ಇಳಿದರೆ ಫ್ಯಾನಿನ ಮೇಲೆ ಗುಮಾನಿ. ಓಡುವಾಗ, ಅದೂ ಏರು ಹತ್ತುವಾಗ ಏರಿದರೆ ರೇಡಿಯೇಟರ್ ಕಟ್ಟಿರಬೇಕು. ನೀರು ಸೋರದೆಯೇ ಕಡಿಮೆಯಾಗುತ್ತಿದ್ದು, ಆಯಿಲ್ ಹಾಲು ಬೆರೆಸಿದ ಕಾಫಿಯಂತಾಗಿದ್ದರೆ ಹೆಡ್ ಗ್ಯಾಸ್ಕೆಟ್; ಜೇಬಿಗೂ ಕೇಡು. ನನ್ನದು ಓಡುವಾಗಿನ ರೋಗ. ಕೂಲಂಟ್ ಮಟ್ಟ ಸರಿಯಿತ್ತು, ಆಯಿಲ್ ಚೊಕ್ಕವಾಗಿತ್ತು. ಮತ್ತೆ ಸ್ಟಾರ್ಟ್ ಮಾಡಿಸಿ, ಕಾದ ಮೇಲೆ ಮೇಲಿನ ಹೋಸ್ ಪೈಪನ್ನೂ ಕೆಳಗಿನದನ್ನೂ ಬಟ್ಟೆ ಸುತ್ತಿ ಮುಟ್ಟಿ ನೋಡಿದ. ಎರಡೂ ಬಿಸಿ. "ನೀರು ಓಡಾಡ್ತಿದೆ, ಆದ್ರೆ ಆರ್ತಿಲ್ಲ."

ಕೆಳಗಿನ ಪೈಪು ತಣ್ಣಗಿದ್ದಿದ್ದರೆ ಥರ್ಮೋಸ್ಟಾಟ್ ವಾಲ್ವಿನ ತಪ್ಪಾಗಿರಬಹುದಿತ್ತು. ನಮ್ಮ ಕಡೆ ಬಹಳ ಗ್ಯಾರೇಜುಗಳಲ್ಲಿ ಅದಕ್ಕೆ ಮದ್ದು ಒಂದೇ: ಕಿತ್ತು ಬಿಸಾಡುವುದು. ಬಿಸಿಲೂರಿಗೆ ಅದೇಕೆ ಎಂಬ ವಾದ. ನನಗಿದು ಒಪ್ಪಿಗೆಯಿಲ್ಲ. ತಣ್ಣಗೇ ಓಡುವ ಇಂಜಿನ್ ಡೀಸೆಲ್ಲನ್ನೂ ತಿನ್ನುತ್ತದೆ, ಬೇಗ ಸವೆಯುತ್ತದೆ. ಈತನ ಹತ್ತಿರ ಹಾಗೆ ಕಿತ್ತ ವಾಲ್ವುಗಳ ಒಂದು ಡಬ್ಬವೇ ಇತ್ತು. 82 ಎಂದು ಕೊರೆದಿದ್ದ ಒಂದನ್ನು ಆರಿಸಿ, ತಂತಿಗೆ ಕಟ್ಟಿ, ಟೀ ಒಲೆಯ ಮೇಲೆ ನೀರು ತುಂಬಿದ ಹಳೇ ಡಬ್ಬಿಗೆ ಇಳಿಬಿಟ್ಟ. (ಟೀ ಪಾತ್ರೆಗಲ್ಲ, ಕೇಳಿ ಖಚಿತಪಡಿಸಿಕೊಂಡೆ.) ತಳದಲ್ಲಿ ಸಣ್ಣ ಗುಳ್ಳೆ ಏಳುವ ಹೊತ್ತಿಗೆ ಹಿತ್ತಾಳೆಯ ತಟ್ಟೆ ಮೆಲ್ಲಗೆ ಬಾಯಿ ಬಿಟ್ಟಿತು. ಮೇಲೆತ್ತಿ ಹಿಡಿದರೆ ಮುಚ್ಚಿಕೊಂಡಿತು. ನಾಲ್ಕು ಸಲ ಮಾಡಿಸಿ ನೋಡಿದೆ. ಟೀ ಅಂಗಡಿಯವರು ಒಲೆ ಬಿಡಿ ಅಂದರು.

ಒಳಗೆ ತಂತಿಯಿಲ್ಲ, ಕರೆಂಟಿಲ್ಲ; ಒಂದು ಚಿಟಿಕೆ ಮೇಣ. ಕರಗಿ ಹಿಗ್ಗಿ ಕಡ್ಡಿಯನ್ನು ತಳ್ಳುತ್ತದೆ, ಆರಿದಾಗ ಕುಗ್ಗುತ್ತದೆ. 1930ರ ದಶಕದಲ್ಲಿ ಅಮೆರಿಕದ ಸರ್ಜಿಯಸ್ ವರ್ನೆಟ್ ಹೂಡಿದ ಉಪಾಯವಿದು. ಕಂಪ್ಯೂಟರ್ ತುಂಬಿಕೊಂಡ ಇಂದಿನ ಕಾರಿನಲ್ಲೂ ಅದೇ ಮೇಣ ಬಾಗಿಲು ಕಾಯುತ್ತಿದೆ. ಅದಕ್ಕೂ ಮೊದಲು, 1900ರ ಕೊನೆಗೆ, ವಿಲ್ಹೆಲ್ಮ್ ಮೇಬಾಕ್ ಮರ್ಸಿಡಿಸ್ ಕಾರಿಗೆ 8,070 ಸಣ್ಣ ಕೊಳವೆಗಳ ಜೇನುಗೂಡು ರೇಡಿಯೇಟರ್ ಕಟ್ಟಿದ್ದ. ಆಮೇಲೆ ಬಂದ ನಮ್ಮ ಅಂಬಾಸಿಡರ್‌ಗಳ ಡಿಕ್ಕಿಯಲ್ಲಿ ನೀರಿನ ಕ್ಯಾನು ಇದ್ದೇ ಇರುತ್ತಿತ್ತು ಎಂಬುದನ್ನು ಓದುಗರಿಗೆ ಹೇಳಬೇಕಿಲ್ಲ.

ಆ ಕ್ಯಾನಿನ ನೀರೇ ಇಲ್ಲಿನ ಶತ್ರು. ಚಿತ್ರದುರ್ಗ ಸೀಮೆಯ ಬೋರ್‌ವೆಲ್ ನೀರು ಗಡಸು. ಬಚ್ಚಲ ಹಂಡೆಯ ಒಳಮೈಗೆ ಕಟ್ಟುವ ಬಿಳಿ ಪೊರೆ ರೇಡಿಯೇಟರಿನ ಕೊಳವೆಗೂ ಕಟ್ಟುತ್ತದೆ. ನಾನೂ ಎರಡು ಬಾರಿ ಸುರಿದಿದ್ದೆ. ತಪ್ಪೊಪ್ಪಿಕೊಳ್ಳಲು ಬಾಯಿ ತೆರೆಯುವಷ್ಟರಲ್ಲಿ ಆತ ಟಾರ್ಚ್ ಹಿಡಿದು, "ಇಲ್ಲಿ ಬನ್ನಿ" ಅಂದ.

ಎದುರಿನಿಂದ ನೋಡಿದರೆ ಎಲ್ಲ ಚೊಕ್ಕ. ಆದರೆ ಕಾಣುತ್ತಿದ್ದುದು ಎ.ಸಿ. ಕಂಡೆನ್ಸರ್, ರೇಡಿಯೇಟರ್ ಅದರ ಬೆನ್ನಿಗಿದೆ. ಎರಡರ ನಡುವಿನ ಬೆರಳಗಲ ಸಂದಿಯಲ್ಲಿ ರಾಗಿ ಹೊಟ್ಟು ಕಂಬಳಿಯಂತೆ ಮೆತ್ತಿಕೊಂಡಿತ್ತು. ಒಕ್ಕಣೆ ಕಾಲ. ದಾರಿಯುದ್ದಕ್ಕೂ ರಸ್ತೆಗೆ ಹಾಸಿದ್ದ ರಾಗಿ ತೆನೆಯ ಮೇಲೆ ವಾರದಿಂದ ಓಡಾಡಿದ್ದೆ. ಗಾಳಿ ಹೊಟ್ಟನ್ನು ಹೊತ್ತು ತಂದಿತ್ತು, ಹೊಟ್ಟು ಗಾಳಿಯನ್ನೇ ತಡೆದಿತ್ತು.

ಇಂಜಿನ್ ಕಡೆಯಿಂದ ಹೊರಕ್ಕೆ ನೀರು ಬಿಟ್ಟ, ಮೆಲ್ಲಗೆ, ಅಲ್ಯೂಮಿನಿಯಂ ಎಸಳು ಮಡಚದ ಹಾಗೆ. ಒಂದು ಮೊರದಷ್ಟು ಹೊಟ್ಟು ಬಿತ್ತು. ಕೋಳಿಗಳು ಬಂದವು. ಕೊಟ್ಟಿದ್ದು ಇನ್ನೂರು ರೂಪಾಯಿ, ಜೊತೆಗೆ ಎರಡು ಟೀ.

ಹೊಳಲ್ಕೆರೆ ದಾರಿಯಲ್ಲಿ ಮುಳ್ಳು ಅರ್ಧ ಬಿಟ್ಟು ಅಲುಗಲಿಲ್ಲ. ಒಂದು ತಿರುವು ದಾಟಿದರೆ ಮತ್ತೆ ರಾಗಿ ಹಾಸು. ಪಕ್ಕಕ್ಕೆ ತಪ್ಪಿಸಲು ಸ್ಟೇರಿಂಗ್ ತಿರುಗಿಸಿದೆ. ಅಜ್ಜಿಯೊಬ್ಬರು ಬರಿಗಾಲಲ್ಲಿ ಓಡಿಬಂದು ಕೈ ಬೀಸಿದರು: "ಮೇಲೇ ಹೋಗಪ್ಪಾ, ಮೇಲೇ ಹೋಗು!"